ಸಸಿ ಹಳದಿಯಾಗಿದೆ, ಏನು ಕೊಡಲಿ? ನೈಂಟೀನ್ ಆಲ್, ಕ್ಯಾಲ್ಸಿಯಂ ನೈಟ್ರೇಟ್, ಕಬ್ಬಿಣ, ಹಿಂಡಿ ನೀರು: ಯಾವುದು ಯಾವಾಗ

ಸೌತೆ, ಕಲ್ಲಂಗಡಿ ಸಸಿ ಟ್ರೇಯಲ್ಲಿ ಇರುವುದೇ ಎರಡು ವಾರ. ಟೊಮೆಟೊ, ಎಲೆಕೋಸು 21ರಿಂದ 25 ದಿನ. ಇಷ್ಟು ಬೇಗ ಬೆಳೆಯುವ ಸಸಿ ಒಂದು ವಾರ ಹಳದಿಯಾಗಿ ಕೂತರೆ ಅದರ ಅರ್ಧ ಕಾಲವೇ ಹೋಯಿತು. ಅದಕ್ಕೇ ಎಲೆ ಬಣ್ಣ ಕೆಟ್ಟ ತಕ್ಷಣ ಕೈಗೆ ಸಿಕ್ಕಿದ್ದನ್ನು ಸುರಿಯುವ ಆತುರ ಎಲ್ಲರಿಗೂ ಬರುತ್ತದೆ. ನನಗೂ ಬರುತ್ತಿತ್ತು.

ಚಿಕ್ಕಬಳ್ಳಾಪುರದ ಕಡೆ ನಮ್ಮ ಮನೆ ಹಿಂದೆ ನೆರಳು ಪರದೆ ಕಟ್ಟಿ ಹತ್ತಿಪ್ಪತ್ತು ಟ್ರೇ ಸಸಿ ಮಾಡುತ್ತೇನೆ. ಒಂದು ಫೆಬ್ರವರಿಯಲ್ಲಿ ಟೊಮೆಟೊ ಟ್ರೇ ಮತ್ತು ಸೌತೆ ಟ್ರೇ ಎರಡೂ ಒಂದೇ ವಾರ ಹಳದಿಯಾದವು. ಎರಡಕ್ಕೂ ಒಂದೇ ಗೊಬ್ಬರದ ನೀರು ಕೊಟ್ಟೆ. ಐದು ದಿನಕ್ಕೆ ಟೊಮೆಟೊ ಹಸಿರಾಯಿತು. ಸೌತೆ ಇನ್ನೂ ಬಿಳಿಚಿಕೊಂಡಿತು. ಸಾಲದೇನೋ ಅಂತ ಮತ್ತೆ ಕೊಟ್ಟೆ. ಈ ಸಲ ಎಲೆ ಅಂಚು ಸುಟ್ಟುಹೋಯಿತು. ಆಮೇಲೆ ಎರಡು ಟ್ರೇಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಟೊಮೆಟೊದಲ್ಲಿ ಹಳದಿ ಇದ್ದದ್ದು ಕೆಳಗಿನ ಎಲೆಯಲ್ಲಿ. ಸೌತೆಯಲ್ಲಿ ಸುಳಿಯಲ್ಲಿ. ಎರಡು ಬೇರೆ ಬೇರೆ ಹಸಿವು, ನಾನು ಕೊಟ್ಟದ್ದು ಒಂದೇ ಊಟ.

ಆದ್ದರಿಂದ ಯಾವ ಗೊಬ್ಬರ ಒಳ್ಳೆಯದು ಅನ್ನುವುದಕ್ಕಿಂತ ಮೊದಲು ಯಾವ ಎಲೆ ಹಳದಿಯಾಗಿದೆ ಅಂತ ನೋಡಬೇಕು. ಮುಂದಿನ ಹೋಲಿಕೆಯೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ಎಲೆ, ಆಮೇಲೆ ಪ್ಯಾಕೆಟ್

ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಷಿಯಂ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದರೆ ಸಸಿ ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಅದಕ್ಕೇ ಇವುಗಳ ಕೊರತೆ ಕೆಳಗಿನ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲೇ. ಇವು ಕಡಿಮೆಯಾದರೆ ಕೆಳಗಿನ ಎಲೆ ಚೆನ್ನಾಗಿರುತ್ತದೆ, ಸುಳಿ ಕೆಡುತ್ತದೆ.

ಕೆಳಗಿನ ಎಲೆ ಪೂರ್ತಿ ಒಂದೇ ಸಮನೆ ತಿಳಿ ಹಳದಿಯಾಗಿ, ಸಸಿಯೂ ಕುಳ್ಳಗಿದ್ದರೆ ಸಾರಜನಕ. ಕೆಳಗಿನ ಎಲೆಯ ನರ ಹಸಿರು, ನಡುವೆ ಹಳದಿ ಆದರೆ ಮೆಗ್ನೀಷಿಯಂ. ಅದೇ ಹಸಿರು ನರ, ಹಳದಿ ನಡುವು ಸುಳಿಯ ಎಲೆಯಲ್ಲಿದ್ದರೆ ಕಬ್ಬಿಣ. ಸುಳಿ ಎಲೆ ಮುದುರಿ, ತುದಿ ಕಂದಾದರೆ ಕ್ಯಾಲ್ಸಿಯಂ ಇರಬಹುದು. ಎಲೆಯ ಅಡಿಭಾಗ, ಕಾಂಡ ನೇರಳೆಯಾದರೆ ರಂಜಕ. ಆದರೆ ಈ ನೇರಳೆ ವಿಷಯದಲ್ಲಿ ಸ್ವಲ್ಪ ತಾಳಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಟೊಮೆಟೊ ಸಸಿ ನೇರಳೆಯಾಗುವುದು ಮಾಮೂಲು. ಬೇರು ತಣ್ಣಗಿದ್ದಾಗ ರಂಜಕ ಇದ್ದರೂ ಎಳೆದುಕೊಳ್ಳಲು ಆಗುವುದಿಲ್ಲ. ಟ್ರೇಯನ್ನು ನೆಲದಿಂದ ಮೇಲೆತ್ತಿ ರಾತ್ರಿ ಹೊತ್ತು ಮುಚ್ಚಿದರೆ, ಬೆಳಗ್ಗೆ ತಣ್ಣೀರು ಹಾಕದೆ ಬಿಸಿಲೇರಿದ ಮೇಲೆ ಹಾಕಿದರೆ ಬಹಳ ಸಲ ಅದೇ ಸರಿಹೋಗುತ್ತದೆ.

ಹಸಿವೇ ಅಲ್ಲದ ಹಳದಿಯೂ ಇದೆ. ಬೀಜದೆಲೆ, ಅಂದರೆ ಮೊದಲು ಬರುವ ಆ ಎರಡು ದಪ್ಪ ಎಲೆ, ತನ್ನ ಕೆಲಸ ಮುಗಿದ ಮೇಲೆ ಹಳದಿಯಾಗಿ ಉದುರುತ್ತದೆ. ಅದಕ್ಕೆ ಗೊಬ್ಬರ ಬೇಡ. ನೀರು ಜಾಸ್ತಿಯಾಗಿ ಬೇರಿಗೆ ಉಸಿರು ಸಿಗದಿದ್ದರೂ ಕೆಳಗಿನ ಎಲೆ ಹಳದಿಯಾಗುತ್ತದೆ, ನೋಡಲು ಥೇಟ್ ಸಾರಜನಕದ ಕೊರತೆಯ ಹಾಗೆ. ಒಂದು ಸಸಿಯನ್ನು ಕುಳಿಯಿಂದ ಎಳೆದು ಬೇರು ನೋಡಿ. ಬಿಳಿ ಬೇರು ಇದ್ದರೆ ಹಸಿವು. ಕಂದು ಬಣ್ಣಕ್ಕೆ ತಿರುಗಿ ಜಾರುವಂತಿದ್ದರೆ ನೀರು ನಿಲ್ಲಿಸಿ, ಗೊಬ್ಬರದ ಯೋಚನೆ ಬಿಡಿ. ಇನ್ನು ಟೊಮೆಟೊ ಸುಳಿ ಹಳದಿಯಾಗಿ ಎಲೆ ಮೇಲಕ್ಕೆ ಬಟ್ಟಲಿನಂತೆ ಮುದುರಿದರೆ, ಎಲೆ ಅಡಿಯಲ್ಲಿ ಬಿಳಿನೊಣ ಇದ್ದರೆ, ಅದು ಎಲೆಮುದುರು ವೈರಸ್ ಇರಬಹುದು. ಅಂಥ ಸಸಿಗೆ ಏನು ಕೊಟ್ಟರೂ ಉಳಿಯುವುದಿಲ್ಲ. ಕಿತ್ತು ದೂರ ಹಾಕಿ, ಉಳಿದವಕ್ಕೆ ಸೊಳ್ಳೆ ಪರದೆಗಿಂತಲೂ ಸಣ್ಣ ಕಣ್ಣಿನ ಬಲೆ ಕಟ್ಟಿ.

ನೈಂಟೀನ್ ಆಲ್ ಕೊಡಲೋ, ಯೂರಿಯಾ ಕೊಡಲೋ

ಕೆಳಗಿನ ಎಲೆ ಹಳದಿಯಾದಾಗ ಹೆಚ್ಚಿನವರ ಮುಂದೆ ಇರುವುದು ಇವೆರಡೇ.

ಯೂರಿಯಾದಲ್ಲಿ 46% ಸಾರಜನಕ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಳ್ಳಿ ಮನೆಯಲ್ಲಿ ಮೂಲೆಯಲ್ಲೊಂದು ಚೀಲ ಇದ್ದೇ ಇರುತ್ತದೆ. ಆದರೆ ಟ್ರೇ ಸಸಿಗೆ ನಾನು ಅದನ್ನು ಕೊಡುವುದಿಲ್ಲ. ಕಾರಣ ಎರಡು. ಒಂದು, ಬೇರಿಗೆ ಕೊಟ್ಟ ಯೂರಿಯಾ ಸೂಕ್ಷ್ಮಜೀವಿಗಳಿಂದ ಮೊದಲು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಬೇಕು. ಹೊಲದ ಮಣ್ಣಿನಲ್ಲಿ ಆ ಜೀವಿಗಳು ಬೇಕಾದಷ್ಟಿವೆ. ಟ್ರೇಗೆ ತುಂಬುವ ಹೊಸ ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಅಷ್ಟಿಲ್ಲ. ಚಳಿ ಇದ್ದರಂತೂ ಇನ್ನೂ ನಿಧಾನ. ಅಮೋನಿಯಂ ಆಗಿಯೇ ಉಳಿದು ಎಳೆ ಬೇರನ್ನು ಸುಡಬಹುದು. ಎರಡು, ಬರೀ ಸಾರಜನಕ ಸಿಕ್ಕಿದ ಸಸಿ ಮೂರೇ ದಿನದಲ್ಲಿ ಕಪ್ಪು ಹಸಿರಾಗುತ್ತದೆ, ನೋಡಲು ಖುಷಿ. ಕಾಂಡ ಮಾತ್ರ ಸಣಕಲು, ನೀರು ತುಂಬಿದ ಹಾಗೆ. ನಾಟಿ ಮಾಡಿದ ದಿನವೇ ತಲೆ ಬಾಗಿಸುತ್ತದೆ. ಬೇರೇನೂ ಸಿಗದಿದ್ದಾಗ ಲೀಟರಿಗೆ 1 ಗ್ರಾಂ ಯೂರಿಯಾ ಬೆಳಗ್ಗೆ ಎಲೆಗೆ ಸಿಂಪಡಿಸಬಹುದು. ಹೊಲದ ಬೆಳೆಗೆ ಹೊಡೆಯುವ ಲೀಟರಿಗೆ 10, 20 ಗ್ರಾಂ ಲೆಕ್ಕವನ್ನು ಸಸಿಗೆ ತರಲೇಬೇಡಿ.

ನೈಂಟೀನ್ ಆಲ್ ಅಂದರೆ 19:19:19, ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇದೆ, ತಲಾ 19%. ನೀರಲ್ಲಿ ಪೂರ್ತಿ ಕರಗುತ್ತದೆ, 1 ಕೆಜಿ ಪ್ಯಾಕೆಟ್ ಸಿಗುತ್ತದೆ. ಪ್ರೋಟ್ರೇ ಸಸಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಲೀಟರಿಗೆ 3 ಗ್ರಾಂ, ಬಿತ್ತಿದ 12ನೇ ದಿನ ಒಮ್ಮೆ, 20ನೇ ದಿನ ಇನ್ನೊಮ್ಮೆ. ಲೆಕ್ಕ ತಪ್ಪಲ್ಲ. ಆದರೆ ಅದು ಸಿಹಿ ನೀರಿಗೆ, ಚೆನ್ನಾಗಿ ತೊಳೆದ ಕೋಕೋಪೀಟಿಗೆ ಹೇಳಿದ್ದು. 3 ಗ್ರಾಂ ಅಂದರೆ ಲೀಟರಿಗೆ 570 ಮಿಲಿಗ್ರಾಂ ಸಾರಜನಕ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಮೊದಲೇ ಉಪ್ಪಿರುತ್ತದೆ. ಅದರ ಮೇಲೆ ಇದನ್ನು ಸೇರಿಸಿದರೆ ಎಲೆ ಅಂಚು ಸುಡುತ್ತದೆ. ನನ್ನ ಸೌತೆಗೆ ಆದದ್ದು ಅದೇ. ಈಗ ನಾನು ಲೀಟರಿಗೆ 1 ಗ್ರಾಂ ಹಾಕಿ, ನಾಲ್ಕು ದಿನಕ್ಕೊಮ್ಮೆ ಕೊಡುತ್ತೇನೆ. ಸಸಿ ಕೇಳಿದರೆ ಇನ್ನೊಮ್ಮೆ ಕೊಡಬಹುದು, ಕೊಟ್ಟದ್ದನ್ನು ಹಿಂದಕ್ಕೆ ತೆಗೆಯುವುದು ಕಷ್ಟ.

98 ಕುಳಿಯ ಟ್ರೇಗೆ ಹಿಡಿಯುವುದು ಸುಮಾರು 1.2 ಕೆಜಿ ಕೋಕೋಪೀಟ್. ಅಂದರೆ ಒಂದು ಸಸಿಗೆ ಸಿಗುವುದು 12 ಗ್ರಾಂ. ಇಷ್ಟು ಪುಟ್ಟ ಜಾಗದಲ್ಲಿ ತಪ್ಪು ಮಾಡಿದರೆ ಹೀರಿಕೊಳ್ಳಲು ಮಣ್ಣೇ ಇಲ್ಲ. ಹೊಲದಲ್ಲಿ ಮುಷ್ಟಿ ಜಾಸ್ತಿಯಾದರೆ ಭೂಮಿತಾಯಿ ತಡೆದುಕೊಳ್ಳುತ್ತಾಳೆ, ಟ್ರೇಯಲ್ಲಿ ಆ ಆಸರೆ ಇಲ್ಲ.

19:19:19 ಕೊಳ್ಳುವಾಗ ಪ್ಯಾಕೆಟ್ ಹಿಂಭಾಗ ಓದಿ. ಕೆಲವದರಲ್ಲಿ ಸೂಕ್ಷ್ಮ ಪೋಷಕಾಂಶ ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಸೇರಿರುವುದನ್ನೇ ತನ್ನಿ. ಕ್ಯಾಲ್ಸಿಯಂ ಮಾತ್ರ ಯಾವುದರಲ್ಲೂ ಇರುವುದಿಲ್ಲ. ರಂಜಕದ ಜೊತೆ ಅದು ಗಟ್ಟಿಯಾಗಿಬಿಡುತ್ತದೆ.

ಕೋಕೋಪೀಟಿನವರಿಗೆ ಕ್ಯಾಲ್ಸಿಯಂ ನೈಟ್ರೇಟ್

ಕೋಕೋಪೀಟ್ ತೆಂಗಿನ ನಾರಿನ ಪುಡಿ. ಅದರಲ್ಲಿ ಸಹಜವಾಗಿಯೇ ಪೊಟ್ಯಾಶ್, ಸೋಡಿಯಂ ಜಾಸ್ತಿ. ನೀವು ಕ್ಯಾಲ್ಸಿಯಂ, ಮೆಗ್ನೀಷಿಯಂ ಕೊಟ್ಟರೆ ಅದು ತಾನೇ ಹಿಡಿದಿಟ್ಟುಕೊಂಡು, ಬದಲಿಗೆ ಪೊಟ್ಯಾಶ್, ಸೋಡಿಯಂ ಬಿಡುತ್ತದೆ. ಸಸಿಗೆ ಬೇಕಾದ್ದು ಸಿಗುವುದಿಲ್ಲ, ಬೇಡದ್ದು ಸಿಗುತ್ತದೆ. ಬರೀ ನೀರಲ್ಲಿ ತೊಳೆದರೆ ಸಡಿಲವಾಗಿರುವ ಉಪ್ಪು ಹೋಗುತ್ತದೆ, ಅಂಟಿಕೊಂಡಿರುವುದು ಹೋಗುವುದಿಲ್ಲ. ಅದನ್ನು ಕಿತ್ತು ಹಾಕಲು ಕ್ಯಾಲ್ಸಿಯಂ ನೈಟ್ರೇಟ್ ನೀರೇ ಬೇಕು. ನಾನು 5 ಕೆಜಿಯ ಕೋಕೋಪೀಟ್ ಇಟ್ಟಿಗೆಯನ್ನು ಮೊದಲು ನೆನೆಸಿ ತೊಳೆದು, ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ಒಂದು ರಾತ್ರಿ ಬಿಟ್ಟು, ಮತ್ತೆ ಒಮ್ಮೆ ತೊಳೆಯುತ್ತೇನೆ. ಬಿತ್ತುವ ಮುಂಚೆ ಇಷ್ಟು ಮಾಡಿದರೆ ಮುಂದೆ ಬರುವ ಸುಳಿ ತೊಂದರೆ ಎಷ್ಟೋ ಕಡಿಮೆ.

ಸಸಿಗೆ ಕೊಡುವುದಾದರೆ ಲೀಟರಿಗೆ 1 ಗ್ರಾಂ ಸಾಕು. ಇದರಲ್ಲಿ 15.5% ಸಾರಜನಕವಿದೆ, ಬಹುತೇಕ ಎಲ್ಲವೂ ನೈಟ್ರೇಟ್ ರೂಪ. ಸಸಿ ನೇರವಾಗಿ ಎಳೆದುಕೊಳ್ಳುತ್ತದೆ, ಯಾವ ಜೀವಿಯೂ ಬದಲಾಯಿಸಿ ಕೊಡಬೇಕಿಲ್ಲ. 19:19:19ರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ರೂಪದ್ದು. ಆದ್ದರಿಂದ ಚಳಿಗಾಲದಲ್ಲಿ ಇವೆರಡರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬೇಗ ಕೆಲಸ ಮಾಡುತ್ತದೆ. ಕಾಂಡವೂ ಗಟ್ಟಿಯಾಗುತ್ತದೆ. ಆದರೆ ರಂಜಕ, ಪೊಟ್ಯಾಶ್ ಇದರಲ್ಲಿ ಇಲ್ಲ. ಅದಕ್ಕೇ ನಾನು ಒಂದು ಸಲ ಅದು, ನಾಲ್ಕು ದಿನ ಬಿಟ್ಟು ಇದು, ಹೀಗೆ ಬದಲಿಸುತ್ತೇನೆ.

ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಬೇಡಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದು ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಗಟ್ಟಿಯಾದದ್ದು. ಎರಡೂ ಸಸಿಗೆ ಸಿಗುವುದಿಲ್ಲ. ಎಪ್ಸಂ ಸಾಲ್ಟ್ ಜೊತೆಗೂ, ದ್ರಾವಣ ಗಟ್ಟಿಯಿದ್ದರೆ, ಇದೇ ಕತೆ, ಅಲ್ಲಿ ಹುಟ್ಟುವುದು ಜಿಪ್ಸಂ.

ಎಪ್ಸಂ ಸಾಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮೆಗ್ನೀಷಿಯಂ ಸಲ್ಫೇಟ್. ಕೆಳಗಿನ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಕಂಡರೆ ಲೀಟರಿಗೆ 2 ಗ್ರಾಂ ಒಮ್ಮೆ ಸಿಂಪಡಿಸಿ. ಯಾವ ಹಳದಿಗೂ ಎಪ್ಸಂ ಮದ್ದು ಅನ್ನುವ ಮಾತು ತುಂಬಾ ಓಡಾಡುತ್ತಿದೆ. ಹಾಗಿಲ್ಲ.

ಸುಳಿ ಬಿಳಿಚಿದರೆ: ಕಬ್ಬಿಣವೋ, ನೀರೋ?

ನಮ್ಮ ಕಡೆಯವರಿಗೆ ತುಂಬಾ ಕಾಡುವುದು ಇದು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಆಳದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ನೀರು. ದಿನಾ ಈ ನೀರು ಹಾಕುತ್ತಾ ಹೋದರೆ ಟ್ರೇಯ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಮೇಲೇರುತ್ತದೆ. ಪಿಎಚ್ 7 ದಾಟಿದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಸಸಿಗೆ ಹಿತವಾದದ್ದು 5.8ರಿಂದ 6.5.

ಇಲ್ಲಿ ಆಯ್ಕೆ ನಾಲ್ಕು. ಮೊದಲನೆಯದು ನಮ್ಮ ಅಜ್ಜಂದಿರ ಕಾಲದ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಬಹಳ ಅಗ್ಗ. ಲೀಟರಿಗೆ 1 ಗ್ರಾಂ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಆಗಲೇ ಸಿಂಪಡಿಸಬೇಕು. ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ವ್ಯರ್ಥವಾಗುತ್ತದೆ. ಗಡಸು ನೀರಿನ ಟ್ರೇಗೆ ಬುಡಕ್ಕೆ ಸುರಿದರೆ ಪ್ರಯೋಜನವಿಲ್ಲ.

ಎರಡನೆಯದು ಇಡಿಟಿಎ ಕಬ್ಬಿಣ, ಅಂದರೆ ಇಡಿಟಿಎ ಅನ್ನುವ ವಸ್ತು ಹಿಡಿದಿಟ್ಟುಕೊಂಡ ಕಬ್ಬಿಣ. ಹಳದಿ ಪುಡಿ, 12% ಕಬ್ಬಿಣ. ಪಿಎಚ್ 6.5ರವರೆಗೆ ಚೆನ್ನ, ಅದರ ಮೇಲೆ ಹೋದರೆ ಹಿಡಿತ ಬಿಡುತ್ತದೆ. ಎಲೆಗೆ ಲೀಟರಿಗೆ ಅರ್ಧ ಗ್ರಾಂ. ಮೂರನೆಯದು ಇಡಿಡಿಎಚ್‌ಎ ಕಬ್ಬಿಣ. ಕಪ್ಪು ಕೆಂಪು ಪುಡಿ, 6% ಕಬ್ಬಿಣ ಇದ್ದರೂ ಬೆಲೆ ಜಾಸ್ತಿ. ಆದರೆ ಪಿಎಚ್ 8, 9 ಇದ್ದರೂ ಕಬ್ಬಿಣವನ್ನು ಬಿಟ್ಟುಕೊಡದೆ ಬೇರಿನ ತನಕ ಒಯ್ಯುವುದು ಈ ಮೂರರಲ್ಲಿ ಇದೊಂದೇ. 10 ಲೀಟರಿಗೆ 1 ಗ್ರಾಂ ಸಾಕು, ಬುಡಕ್ಕೆ. ನೀರು ದಾಳಿಂಬೆ ರಸದ ಬಣ್ಣಕ್ಕೆ ಬರುತ್ತದೆ.

ನಾಲ್ಕನೆಯದು ನೀರನ್ನೇ ಸರಿಮಾಡುವುದು. ನಾನು ಇದರ ಪರ. ಮಳೆನೀರು ಹಿಡಿದಿಟ್ಟಿದ್ದರೆ ಸಸಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಮನೆಯ ಶೀಟಿನ ಮಾಡಿನಿಂದ ಎರಡು ಡ್ರಮ್ಮಿಗೆ ಮಳೆನೀರು ಇಳಿಸುತ್ತೇನೆ, ಹತ್ತು ಟ್ರೇಯ ಸಸಿಗೆ ಎಷ್ಟೋ ದಿನ ಬರುತ್ತದೆ. ಇಲ್ಲದಿದ್ದರೆ ಬೋರ್ ನೀರಿಗೆ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಚಿಟಿಕೆ ಚಿಟಿಕೆಯಾಗಿ ಹಾಕಿ, ಪಿಎಚ್ ಪಟ್ಟಿಯಲ್ಲಿ 6ರ ಹತ್ತಿರ ಬರುವ ತನಕ ನೋಡಿ. ಎಷ್ಟು ಹಾಕಿದಿರಿ ಅಂತ ಬರೆದಿಟ್ಟುಕೊಳ್ಳಿ. ಒಂದೇ ಬಾವಿಯ ನೀರಾದರೆ ಮುಂದಿನ ಸಲ ಅದೇ ಅಳತೆ. ಸುಳಿ ಬಿಳಿಚಿರುವ ಈ ವಾರಕ್ಕೆ ಕಬ್ಬಿಣ ಸಿಂಪಡಿಸಿ, ಮುಂದಿನ ವಾರದಿಂದ ನೀರು ಬದಲಿಸಿ. ಕಬ್ಬಿಣವನ್ನೇ ಮತ್ತೆ ಮತ್ತೆ ಕೊಡುತ್ತಾ ಹೋಗುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಸತು, ಬೋರಾನ್, ಮ್ಯಾಂಗನೀಸ್ ಎಲ್ಲ ಒಟ್ಟಿಗೆ ಬೇಕೆನಿಸಿದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವೆಜಿಟೇಬಲ್ ಸ್ಪೆಷಲ್ ಇದೆ. ಅದರ ಪ್ಯಾಕೆಟ್ಟಿನ ಅಳತೆ ನಾಟಿಯಾದ ಬೆಳೆಗೆ. ಟ್ರೇ ಸಸಿಗೆ ಅದರ ಕಾಲು ಭಾಗದಿಂದ ಶುರು ಮಾಡಿ.

ರಾಸಾಯನಿಕ ಬೇಡ ಅನ್ನುವವರಿಗೆ

ಮನೆಮಂದಿಯ ತಟ್ಟೆಗೆ ಹೋಗುವ ತರಕಾರಿಗೆ ರಾಸಾಯನಿಕ ಬೇಡ ಅನ್ನುವುದು ಗೌರವದ ಮಾತು. ನನ್ನ ಕೆಲವು ಟ್ರೇ ಹಾಗೇ ಬೆಳೆಯುತ್ತವೆ. ಆದರೆ ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಸಾವಯವದಲ್ಲಿ ಊಟ ಮೊದಲೇ ಬಡಿಸಿಡಬೇಕು. ಹಸಿವಾದ ಮೇಲೆ ಅಡುಗೆಗೆ ಇಟ್ಟರೆ 21 ದಿನದ ಸಸಿ ಕಾಯುವುದಿಲ್ಲ.

ಕೋಕೋಪೀಟಿಗೆ ಕಾಲು ಭಾಗ ಚೆನ್ನಾಗಿ ಮಾಗಿದ, ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ ಬಿತ್ತಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಎರೆಗೊಬ್ಬರದಲ್ಲಿ ಸಾರಜನಕ ಕಡಿಮೆಯೇ, 1ರಿಂದ 2%. ಆದರೆ ನಿಧಾನವಾಗಿ ಬಿಡುತ್ತದೆ, ಸೂಕ್ಷ್ಮಜೀವಿಗಳನ್ನೂ ತರುತ್ತದೆ.

ಹಸಿವು ಶುರುವಾದ ಮೇಲೆ ಕೈಗೆ ಬರುವ ಸಾವಯವ ಅಂದರೆ ಕಡಲೆಕಾಯಿ ಹಿಂಡಿ ನೀರು. ಹಿಂಡಿಯಲ್ಲಿ ಸುಮಾರು 7% ಸಾರಜನಕ. 100 ಗ್ರಾಂ ಹಿಂಡಿ 1 ಲೀಟರ್ ನೀರಲ್ಲಿ ನಾಲ್ಕೈದು ದಿನ ನೆನೆಸಿ, ದಿನಾ ಕಲಕಿ, ಬಟ್ಟೆಯಲ್ಲಿ ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಮಾತ್ರ ಕೊಡಿ. ವಾಸನೆ ಜೋರು, ನೊಣ ಬರುತ್ತದೆ. ಸೋಸದೆ ಹಾಕಿದರೆ ಟ್ರೇ ಮೇಲೆ ಬೂಷ್ಟು ಕಟ್ಟಿ ಬುಡ ಕೊಳೆಯುತ್ತದೆ. ಎರೆಜಲ ಇದಕ್ಕಿಂತ ಮೃದು, ಹತ್ತು ಪಟ್ಟು ನೀರಿನ ಜೊತೆ ಎಲೆಗೆ ಕೊಡಬಹುದು. ಆದರೆ ನಿಜವಾದ ಸಾರಜನಕದ ಕೊರತೆಯನ್ನು ಅದೊಂದೇ ತುಂಬುವುದಿಲ್ಲ.

ಜೀವಾಮೃತದ ಬಗ್ಗೆ ಪ್ರೀತಿ ಇರುವವರು ಬೇಜಾರು ಮಾಡಿಕೊಳ್ಳಬೇಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು. ಇದರ ಕೆಲಸ ಜೀವಿಗಳನ್ನು ಬೆಳೆಸುವುದು. ಆ ಜೀವಿಗಳಿಗೆ ಕೆಲಸ ಮಾಡಲು ಮಣ್ಣು ಬೇಕು, ಮಣ್ಣಲ್ಲಿ ಸತ್ವ ಬೇಕು. 12 ಗ್ರಾಂ ಕೋಕೋಪೀಟಿನಲ್ಲಿ ಅವು ಏನನ್ನು ಕರಗಿಸಿಕೊಡಬೇಕು? ಅಲ್ಲಿ ಬೆಲ್ಲ, ಹಿಟ್ಟು ಕೊಳೆತು ಸಣ್ಣ ಕಪ್ಪು ನೊಣ ಹುಟ್ಟುತ್ತದೆ, ಅದರ ಹುಳ ಎಳೆ ಬೇರು ತಿನ್ನುತ್ತದೆ. ಜೀವಾಮೃತವನ್ನು ನಾಟಿಯಾದ ಮೇಲೆ ಹೊಲಕ್ಕೆ ಕೊಡಿ, ಅದರ ಜಾಗ ಅದು.

ಮೊಟ್ಟೆ ಚಿಪ್ಪು, ಬಾಳೆ ಸಿಪ್ಪೆ ನೀರು, ಕಾಫಿ ಗಷ್ಟು ಕೂಡ ಹೀಗೇ. ಚಿಪ್ಪು ಬರೀ ಸುಣ್ಣದ ಕಲ್ಲು, ಕರಗಲು ತಿಂಗಳುಗಟ್ಟಲೆ ಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಿ, ಮುಂದಿನ ವರ್ಷದ ಸಸಿಗೆ ಆಗುತ್ತದೆ.

ಕೊಡುವ ಬಗೆ

ಸಾರಜನಕ, ಪೊಟ್ಯಾಶ್ ಜಾಸ್ತಿ ಬೇಕಾಗುವ ವಸ್ತು, ಬುಡಕ್ಕೆ ಕೊಡಿ. ಕಬ್ಬಿಣ, ಸತು, ಮೆಗ್ನೀಷಿಯಂ ಸ್ವಲ್ಪ ಸಾಕು, ಎಲೆಗೆ ಕೊಟ್ಟರೆ ಬೇಗ ಮುಟ್ಟುತ್ತದೆ. ಸಿಂಪಡಣೆ ಬೆಳಗ್ಗೆಯೇ ಮಾಡಿ. ಸಂಜೆ ಮಾಡಿದರೆ ಎಲೆ ರಾತ್ರಿಯೆಲ್ಲ ಒದ್ದೆಯಾಗಿದ್ದು ರೋಗಕ್ಕೆ ದಾರಿ. ಒಣಗಿದ ಟ್ರೇಗೆ ಗೊಬ್ಬರದ ನೀರು ಹಾಕಬೇಡಿ, ಮೊದಲು ಸ್ವಲ್ಪ ಸಪ್ಪೆ ನೀರು ಹಾಕಿ ನೆನೆಸಿ. ಟ್ರೇ ಮೇಲೆ ಬಿಳಿ ಉಪ್ಪು ಕಂಡರೆ ತಳದಿಂದ ಧಾರಾಳವಾಗಿ ಇಳಿಯುವಷ್ಟು ಸಪ್ಪೆ ನೀರು ಕೊಟ್ಟು ತೊಳೆಯಿರಿ, ಎರಡು ದಿನ ಏನೂ ಬೇಡ.

ಸಂಶಯ ಇದ್ದಾಗ ಟ್ರೇಯ ಎರಡು ಸಾಲಿಗೆ ಮಾತ್ರ ಕೊಟ್ಟು, ಕಡ್ಡಿ ನೆಟ್ಟು ಗುರುತು ಮಾಡಿ. ನಾಲ್ಕು ದಿನ ಬಿಟ್ಟು ಪಕ್ಕದ ಸಾಲಿನ ಜೊತೆ ಹೋಲಿಸಿ. ನೋಡಬೇಕಾದ್ದು ಹೊಸ ಎಲೆಯನ್ನು. ಹಳದಿಯಾದ ಹಳೆ ಎಲೆ ಕೆಲವು ಸಲ ಮತ್ತೆ ಹಸಿರಾಗುವುದೇ ಇಲ್ಲ, ಅದನ್ನು ನೋಡಿ ಗೊಬ್ಬರ ಸಾಲದು ಅಂದುಕೊಂಡರೆ ಮೋಸ ಹೋಗುತ್ತೀರಿ.

ದುಡ್ಡು ಕೊಟ್ಟು ಯಾವುದು ತರಲಿ?

ಒಂದೇ ಪ್ಯಾಕೆಟ್ ಸಾಧ್ಯ ಅಂದರೆ ಸೂಕ್ಷ್ಮ ಪೋಷಕಾಂಶ ಸೇರಿದ 19:19:19. ಎರಡು ಅಂದರೆ ಅದರ ಜೊತೆ ಕ್ಯಾಲ್ಸಿಯಂ ನೈಟ್ರೇಟ್. ಬೋರ್ ನೀರು ಗಡಸು ಇದ್ದವರು ಮೂರನೆಯದಾಗಿ ಪಿಎಚ್ ಪಟ್ಟಿ ಮತ್ತು ನಿಂಬೆ ಉಪ್ಪು ತನ್ನಿ, ಇಡಿಡಿಎಚ್‌ಎ ಕಬ್ಬಿಣ ಅದರ ನಂತರ. ಮನೆಯ ತಾರಸಿಯಲ್ಲಿ ಇಪ್ಪತ್ತು ಮೂವತ್ತು ಸಸಿ ಮಾಡುವವರಿಗೆ ಎರೆಗೊಬ್ಬರ ಬೆರೆಸಿದ ಕೋಕೋಪೀಟ್, ಮಳೆನೀರು, ಒಂದೆರಡು ಸಲ ಹಿಂಡಿ ನೀರು, ಇಷ್ಟರಲ್ಲೇ ಟೊಮೆಟೊ ಸಸಿ ಚೆನ್ನಾಗಿ ಬರುತ್ತದೆ.

ನಾಟಿಗೆ ನಾಲ್ಕೈದು ದಿನ ಇದ್ದಾಗ ಪೂರ್ತಿ ನಿಲ್ಲಿಸಬೇಕೋ, ಕೊಡುತ್ತಲೇ ಇರಬೇಕೋ ಅಂತ ಕೇಳುವವರಿದ್ದಾರೆ. ನಾನು ನಿಲ್ಲಿಸುತ್ತೇನೆ. ಪರದೆ ತೆಗೆದು ಬಿಸಿಲಿಗೆ ಒಡ್ಡಿ, ನೀರನ್ನೂ ಸ್ವಲ್ಪ ಕಡಿಮೆ ಮಾಡುತ್ತೇನೆ. ಆಗ ಎಲೆ ಬಣ್ಣ ಒಂದು ಮಟ್ಟ ತಿಳಿಯಾಗುತ್ತದೆ, ಹೆದರಬೇಡಿ, ಅದು ಸಸಿ ಗಟ್ಟಿಯಾಗುತ್ತಿರುವ ಬಣ್ಣ. ನಾಟಿಯ ಹಿಂದಿನ ಸಂಜೆ ಮಾತ್ರ ಲೀಟರಿಗೆ 1 ಗ್ರಾಂ 19:19:19 ಬುಡಕ್ಕೆ ಒಮ್ಮೆ ಕೊಟ್ಟು, ಬೆಳಗ್ಗೆ ಟ್ರೇ ಎತ್ತಿಕೊಂಡು ಹೊಲಕ್ಕೆ ಹೊರಡುತ್ತೇನೆ.